ಕಾಯ್ದೆ ದಕ್ಕೆಯಲ್ಲಿ ನಿಲ್ಲಲಿ, ಕಡಲು ತಾನಾಗಿ ಉಳಿಯುತ್ತದೆ

ಕಳೆದ ವರ್ಷ ನಾನು ಮೂರನೇ ಸೆಮಿಸ್ಟರ್‌ನಲ್ಲಿದ್ದೆ. ಹಾಸ್ಟೆಲಿನಲ್ಲಿ ಇಂಟರ್ನಲ್ಸ್‌ಗೆ ಓದುತ್ತಾ ಕೂತಿದ್ದಾಗ ಮಲ್ಪೆಯಿಂದ ಸೋದರಮಾವನ ಫೋನ್ ಬಂತು. ‘ಮಾರಾಯ, ನೀನು ಕರೆಂಟಿನ ಇಂಜಿನಿಯರಿಂಗ್ ಅಲ್ವಾ ಓದುವುದು? 500 ವಾಟಿನ 20 ದೀಪ ಉರಿಸ್ಲಿಕ್ಕೆ ಉಂಟು. ಎಷ್ಟು ದೊಡ್ಡ ಜನರೇಟರ್ ಬೇಕಾಗ್ತದೆ?’

ನನಗೆ ಖುಷಿಯಾಯಿತು. ಮನೆಯಲ್ಲಿ ಮೊದಲ ಬಾರಿಗೆ ಯಾರೋ ನನ್ನ ಓದಿನಿಂದ ಒಂದು ಕೆಲಸ ಕೇಳಿದ್ದರು. 20 ಗುಣಿಸು 500 ಅಂದರೆ 10 ಕಿಲೋವಾಟ್. ಪವರ್ ಫ್ಯಾಕ್ಟರ್ 0.9 ಹಿಡಿದರೆ 11 ಕೆವಿಎ ಚಿಲ್ಲರೆ. ಸ್ವಲ್ಪ ಮಾರ್ಜಿನ್ ಇಟ್ಟು ‘15 ಕೆವಿಎ ತಗೊಳ್ಳಿ ಮಾವ’ ಅಂದೆ. ಯಾವ ಅಳತೆಯ ಕೇಬಲ್, ಎಷ್ಟು ಆಂಪಿಯರ್‌ನ ಬ್ರೇಕರ್ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆದೂ ಕಳಿಸಿದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ದೀಪ ಯಾತಕ್ಕೆ ಅಂತ ನಾನು ಕೇಳಲಿಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಕೇಳಲಿಲ್ಲ. ಮಾವ ಒಂದು ಪರ್ಸೀನ್ ಬೋಟಿನಲ್ಲಿ ಪಾಲುದಾರ. ಕತ್ತಲ ರಾತ್ರಿಯಲ್ಲಿ, ಅದರಲ್ಲೂ ಅಮಾವಾಸ್ಯೆಯ ಆಚೀಚೆ, ಸಮುದ್ರದ ಮಧ್ಯೆ 20 ದೀಪ ಉರಿಸುವುದು ಯಾವ ಜಾತ್ರೆಗೂ ಅಲ್ಲ. ಅದು ಬೆಳಕು ಮೀನುಗಾರಿಕೆ, ನಮ್ಮ ಕಡೆಯ ಮಾತಿನಲ್ಲಿ ಲೈಟ್ ಫಿಶಿಂಗ್.

ಇದು ನಡೆಯುವ ಬಗೆ ಸರಳ. ಬೆಳಕಿಗೆ ಮೊದಲು ಸಣ್ಣ ಸಣ್ಣ ಜಲಜೀವಿಗಳು ಬರುತ್ತವೆ. ಅವುಗಳನ್ನು ತಿನ್ನಲು ಮರಿಮೀನು, ಅವುಗಳ ಹಿಂದೆ ದೊಡ್ಡ ಮೀನು. ಒಂದೆರಡು ಗಂಟೆಯಲ್ಲಿ ಸುತ್ತಲಿನ ನೀರೆಲ್ಲ ಒಂದೇ ಕಡೆ ಸಂತೆ ಸೇರಿದ ಹಾಗೆ ಆಗುತ್ತದೆ. ಆಗ ಸುತ್ತ ಬಲೆ ಬಿಟ್ಟು, ತಳದ ಹಗ್ಗ ಎಳೆದು ಚೀಲದ ಬಾಯಿ ಕಟ್ಟಿದರೆ ಮುಗಿಯಿತು. ಮೀನನ್ನು ಹುಡುಕುವ ಕಷ್ಟವಿಲ್ಲ. ಮೀನಿಗೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ದೊಡ್ಡದು, ಸಣ್ಣದು, ಇನ್ನೂ ಒಮ್ಮೆಯೂ ಮೊಟ್ಟೆ ಇಡದ್ದು, ಎಲ್ಲವೂ ಒಂದೇ ಬಲೆಯೊಳಗೆ.

ರಜೆಗೆ ಊರಿಗೆ ಬಂದಾಗ ಒಂದು ಬೆಳಿಗ್ಗೆ ದಕ್ಕೆಗೆ ಹೋದೆ. ಮಾವನ ಬೋಟು ಖಾಲಿ ಮಾಡುತ್ತಿದ್ದರು. ಬುಟ್ಟಿಗಟ್ಟಲೆ ಬಂಗುಡೆ. ನೋಡಿದರೆ ಬಂಗುಡೆ ಅನ್ನಲಿಕ್ಕೆ ನಾಚಿಕೆ ಆಗಬೇಕು, ನನ್ನ ತೋರುಬೆರಳಿಗಿಂತ ಸ್ವಲ್ಪ ಉದ್ದ ಅಷ್ಟೆ. ಬ್ಯಾಗಿನಲ್ಲಿ ಡ್ರಾಯಿಂಗ್ ಕ್ಲಾಸಿನ 15 ಸೆಂ.ಮೀ. ಸ್ಟೀಲ್ ಸ್ಕೇಲ್ ಇತ್ತು. ಸುಮ್ಮನೆ ಕೈಗೆ ಸಿಕ್ಕ ಹತ್ತು ಮೀನು ಅಳೆದೆ. 9, 10, 8.5, 11... ಒಂದೂ 12 ದಾಟಲಿಲ್ಲ. ಬುಟ್ಟಿ ಹೊರುತ್ತಿದ್ದ ಹುಡುಗರು ನಕ್ಕರು. ‘ಅಳೆದು ಏನು ಮಾಡ್ತಿ? ಇದೆಲ್ಲ ಫಿಶ್‌ಮೀಲಿಗೆ.’ ಅಂದರೆ ಯಾರ ಮನೆಯ ಸಾರಿಗೂ ಅಲ್ಲ. ಕಾರ್ಖಾನೆಗೆ ಹೋಗಿ, ಬೆಂದು, ಹುಡಿಯಾಗಿ, ಕೋಳಿಗೋ ಸಾಕಿದ ಸಿಗಡಿಗೋ ಆಹಾರವಾಗಲು.

ನೆರೆಯ ಕೇರಳದಲ್ಲಿ ಬಂಗುಡೆಗೆ 14 ಸೆಂ.ಮೀ. ಕಾನೂನಿನ ಕನಿಷ್ಠ ಅಳತೆ. ಬೂತಾಯಿಗೆ 10. ಅದಕ್ಕಿಂತ ಚಿಕ್ಕದನ್ನು ಹಿಡಿದು ಮಾರುವುದು ಅಲ್ಲಿ ಅಪರಾಧ. ಕೇರಳ 2015ರಲ್ಲಿ 14 ಜಾತಿಗಳಿಂದ ಶುರು ಮಾಡಿ, ಆಮೇಲೆ 58 ಜಾತಿಗಳಿಗೆ ಇಂಥ ಅಳತೆ ಗೊತ್ತು ಮಾಡಿತು. ಅದನ್ನು ನೋಡಿ ನಮ್ಮ ರಾಜ್ಯವೂ ಮುಖ್ಯವಾದ ಕೆಲವು ಜಾತಿಗಳಿಗೆ ಅಳತೆ ನಿಗದಿ ಮಾಡಿದೆ. ಬೆಳಕು ಹಾಕಿ ಮೀನು ಹಿಡಿಯುವುದು ನಮ್ಮಲ್ಲಿ ನಿಷೇಧ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಕೂಡ ನಿಷೇಧ. ಹಾಗಾದರೆ ಆ ಬೆಳಿಗ್ಗೆ ನನ್ನ ಕಣ್ಣೆದುರು ನಡೆದದ್ದು ಏನು? ಕಾಯ್ದೆ ಇಲ್ಲದೆ ಆದದ್ದಲ್ಲ. ಕಾಯ್ದೆ ಇದ್ದೂ ಆದದ್ದು.

ಅದಕ್ಕೇ ‘ಕಡಲು ಉಳಿಸಲು ಕಠಿಣ ಕಾನೂನು ಬರಲಿ’ ಎಂದು ಯಾರಾದರೂ ಹೇಳಿದಾಗ ನನಗೆ ಆ ಬುಟ್ಟಿ ನೆನಪಾಗುತ್ತದೆ. ಕಾನೂನು ಬಂದಾಗಿದೆ. ಅದು ನಿಂತಿರುವ ಜಾಗ ಸರಿಯಿಲ್ಲ ಎನ್ನುವುದಷ್ಟೇ ನನ್ನ ತಕರಾರು.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯದ ವಿಷಯ. ಆದರೆ ದಡದಿಂದ 12 ನಾಟಿಕಲ್ ಮೈಲಿವರೆಗೆ ಮಾತ್ರ, ಅಂದರೆ ಸುಮಾರು 22 ಕಿ.ಮೀ. ಅದರಾಚೆ 200 ಮೈಲಿವರೆಗಿನದ್ದು ಕೇಂದ್ರದ್ದು. ನಮ್ಮ ಪಾಲಿನ ನೀರಿಗೆ ಇರುವುದು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಅದು ಹುಟ್ಟಿದ ಕಥೆ ನಮ್ಮ ಅಜ್ಜನ ಕಥೆಯೂ ಹೌದು. ಅಜ್ಜ ರಂಪಣಿ ಎಳೆಯುತ್ತಿದ್ದವರು. ಊರಿಡೀ ಜನ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ ಅದು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬಂತು. ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತಿ ಎತ್ತತೊಡಗಿದರು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ನಮ್ಮಲ್ಲಿ ಮಾತ್ರವಲ್ಲ, ಗೋವಾ, ಕೇರಳ, ತಮಿಳುನಾಡುಗಳಲ್ಲೂ ನಾಡದೋಣಿಯವರಿಗೂ ಯಂತ್ರದ ಬೋಟಿನವರಿಗೂ ಜಗಳ, ಹೊಡೆದಾಟ ನಡೆದವು. ಆಗ ಕೇಂದ್ರ ಒಂದು ಮಾದರಿ ಮಸೂದೆ ಮಾಡಿ ರಾಜ್ಯಗಳಿಗೆ ಕಳಿಸಿತು. ಕೇರಳ, ಗೋವಾ 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ನಾವು 1986ರಲ್ಲಿ ಕಾಯ್ದೆ ಮಾಡಿಕೊಂಡೆವು.

ಅಂದರೆ ಈ ಕಾಯ್ದೆಗಳು ಮುಖ್ಯವಾಗಿ ಹುಟ್ಟಿದ್ದು ಬೋಟು ಬೋಟುಗಳ ನಡುವಿನ ಜಗಳ ಬಿಡಿಸಲು. ದಡದ ಹತ್ತಿರದ ನೀರು ನಾಡದೋಣಿಗೆ, ಆಚೆಯದ್ದು ಯಂತ್ರದ ಬೋಟಿಗೆ ಅಂತ ಗೆರೆ ಎಳೆದು ಶಾಂತಿ ಕಾಪಾಡುವುದು ಆಗಿನ ತುರ್ತು. ಮೀನಿನ ಸಂರಕ್ಷಣೆಯ ಮಾತೂ ಅದರೊಳಗೆ ಇತ್ತು, ಆದರೆ ಕಡಲಲ್ಲಿ ಮೀನು ಖಾಲಿಯಾಗಬಹುದು ಎಂಬ ಭಯ ಆಗ ಇಷ್ಟಿರಲಿಲ್ಲ. ಜಗಳ ಬಿಡಿಸಲು ಪೊಲೀಸ್ ಸಾಕು. ಮೀನು ಉಳಿಸಲು ಪೊಲೀಸ್ ಸಾಕಾಗುವುದಿಲ್ಲ. ನಮ್ಮ ಕರಾವಳಿ ಸುಮಾರು 320 ಕಿ.ಮೀ. ಉದ್ದ. ಅದನ್ನು 22 ಕಿ.ಮೀ. ಅಗಲಕ್ಕೆ ಗುಣಿಸಿ ನೋಡಿ, 7,000 ಚದರ ಕಿ.ಮೀ. ದಾಟುತ್ತದೆ. ಅಷ್ಟು ನೀರನ್ನು, ಅದೂ ಕತ್ತಲೆಯಲ್ಲಿ, ಬೆರಳೆಣಿಕೆಯ ಗಸ್ತು ದೋಣಿಗಳಲ್ಲಿ ಕಾಯಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಗಸ್ತು ಬರುವುದು ದೂರದಿಂದ ಕಂಡರೆ ಸ್ವಿಚ್ ಆಫ್ ಮಾಡಲು ಒಂದು ಸೆಕೆಂಡು ಸಾಕು. ಆ ಸ್ವಿಚ್ ಎಷ್ಟು ಆಂಪಿಯರಿನದ್ದು ಅಂತ ನನಗೆ ಗೊತ್ತು, ಹೇಳಿಕೊಟ್ಟವನು ನಾನೇ.

ಗೆರೆಯ ತೊಂದರೆ ಬೇರೆ. ಬೆಳಕು ಹಾಕಿದ್ದು ಹನ್ನೊಂದನೇ ಮೈಲಿಯಲ್ಲೋ ಹದಿಮೂರನೆಯದರಲ್ಲೋ? ನೀರಿನ ಮೇಲೆ ಸುಣ್ಣದ ಗೆರೆ ಇಲ್ಲ. 2017ರ ನವೆಂಬರ್‌ನಲ್ಲಿ ಕೇಂದ್ರವೂ ತನ್ನ ಪಾಲಿನ ನೀರಿನಲ್ಲಿ ಬೆಳಕು ಮೀನುಗಾರಿಕೆ, ಬುಲ್ ಟ್ರಾಲಿಂಗ್ ನಿಷೇಧಿಸಿತು. 2025ರ ನವೆಂಬರ್‌ನಲ್ಲಿ ಹೊಸ ನಿಯಮಗಳನ್ನು ತಂದು, 12 ಮೈಲಿ ಆಚೆ ಹೋಗುವ ಯಂತ್ರದ ಬೋಟುಗಳು ಪ್ರವೇಶ ಪಾಸ್ ಪಡೆಯಬೇಕು ಎಂದಿತು. ಒಳ್ಳೆಯದೇ. ಗೆರೆಯ ಎರಡೂ ಬದಿಗೆ ನಿಷೇಧ ಇದೆ ಅಂತಾಯಿತು. ಆದರೆ ಎರಡೂ ಬದಿಯ ಮೀನು ಕೊನೆಗೆ ಇಳಿಯುವುದು ಒಂದೇ ದಕ್ಕೆಯಲ್ಲಿ. ಅಲ್ಲಿ ನಿಂತು ಸ್ಕೇಲ್ ಹಿಡಿಯುವವರು ಯಾರು?

ಹಾಗಂತ ನಮ್ಮ ಕರಾವಳಿಯಲ್ಲಿ ಯಾವ ನಿಯಮವೂ ಪಾಲನೆ ಆಗುವುದಿಲ್ಲ ಅಂದುಕೊಳ್ಳಬೇಡಿ. ಒಂದು ನಿಯಮವನ್ನು ಎಲ್ಲರೂ ಒಪ್ಪಿ ನಡೆಸಿಕೊಂಡು ಬಂದಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟು ಕಡಲಿಗೆ ಇಳಿಯುವಂತಿಲ್ಲ. ಬಹಳಷ್ಟು ಮೀನು ಮರಿ ಮಾಡುವ ಕಾಲ ಅದು. ಆಗ ಮಲ್ಪೆಗೆ ಬಂದು ನೋಡಿ. ಬೋಟುಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ಬಲೆ ಹೆಣೆಯುತ್ತಾರೆ, ಪೇಂಟ್ ಹೊಡೆಯುತ್ತಾರೆ. ಸಾಲದ ಕಂತು ಮಾವನಿಗೆ ಆಗಲೂ ಇರುತ್ತದೆ. ಆದರೂ ಅವರು ಗೊಣಗುವುದಿಲ್ಲ.

ಇದು ಯಾಕೆ ನಡೆಯುತ್ತದೆ, ಅದು ಯಾಕೆ ನಡೆಯುವುದಿಲ್ಲ? ನನಗೆ ಹೊಳೆದ ಉತ್ತರ ಇಷ್ಟು. ಮಳೆಗಾಲದ ನಿಷೇಧವನ್ನು ಕಾಯುವುದು ಕಡಲಲ್ಲಿ ಅಲ್ಲ, ದಕ್ಕೆಯಲ್ಲಿ. ಒಂದು ಬೋಟು ಹಗ್ಗ ಬಿಚ್ಚಿದರೆ ಊರಿಗೇ ಗೊತ್ತಾಗುತ್ತದೆ. ಎರಡನೆಯದು, ನಿಯಮ ಎಲ್ಲ ಬೋಟಿಗೂ ಒಂದೇ ದಿನದಿಂದ. ನಾನು ನಿಲ್ಲಿಸಿದರೆ ಪಕ್ಕದವನು ಹೋಗಿ ನನ್ನ ಮೀನು ಹಿಡಿಯುತ್ತಾನೆ ಎಂಬ ಭಯ ಇಲ್ಲ. ಕಣ್ಣಿಗೆ ಕಾಣುವ ನಿಯಮ, ಎಲ್ಲರಿಗೂ ಸಮಾನ ನಿಯಮ. ಈ ಎರಡು ಗುಣ ಇದ್ದರೆ ಮೀನುಗಾರರು ನಿಯಮ ಪಾಲಿಸುತ್ತಾರೆ. ಬೆಳಕು ಮೀನುಗಾರಿಕೆಯ ನಿಷೇಧಕ್ಕೆ ಎರಡೂ ಗುಣ ಇಲ್ಲ.

ಹಾಗಾದರೆ ಆ ನಿಷೇಧವನ್ನೂ ದಕ್ಕೆಗೆ ತರಬಹುದಲ್ಲ? ಕಳ್ಳ ಬೆಳಕು ಕಾಣದಿರಬಹುದು, ಆದರೆ ಮೀನು ಕಾಣುತ್ತದೆ. ಬೆರಳುದ್ದದ ಬಂಗುಡೆ ಟನ್‌ಗಟ್ಟಲೆ ಇಳಿದರೆ ಅದನ್ನು ಎಲ್ಲಿ ಹಿಡಿದರು, ಹೇಗೆ ಹಿಡಿದರು ಎಂದು ಸಾಬೀತು ಮಾಡುವ ಅಗತ್ಯವೇ ಇಲ್ಲ. ಅಳತೆ ಕಡಿಮೆ ಇದೆ, ಅಷ್ಟು ಸಾಕು. ಟ್ರಾಲ್ ಬಲೆಗೂ ಇದೇ ಮಾತು. ಬಲೆಯ ಕೊನೆಯ ಚೀಲದಲ್ಲಿ 35 ಮಿ.ಮೀ.ನ ಚೌಕ ಕಣ್ಣು ಇರಬೇಕು ಎನ್ನುತ್ತಾರೆ. ಯಾಕೆ ಚೌಕ? ಮಾಮೂಲಿ ವಜ್ರಾಕಾರದ ಕಣ್ಣು ಎಳೆತ ಬಿದ್ದಾಗ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ, ಮರಿ ಹೊರಗೆ ನುಸುಳುತ್ತದೆ. ಎಷ್ಟು ಚೆಂದದ ಇಂಜಿನಿಯರಿಂಗ್ ನೋಡಿ, ಒಂದು ಮೋಟಾರೂ ಬೇಡ, ಒಂದು ಸೆನ್ಸರೂ ಬೇಡ. ಈ ಬಲೆಯನ್ನೂ ಕಡಲಲ್ಲಿ ತಪಾಸಣೆ ಮಾಡಬೇಕಿಲ್ಲ, ದಕ್ಕೆಯಲ್ಲಿ ಒಣಹಾಕಿದಾಗ ಅಳೆಯಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಮರಿಮೀನನ್ನು ಬೋಟು ತರುವುದು ಕೊಳ್ಳುವವರು ಇರುವುದರಿಂದ. ಊಟದ ಮೀನಿನ ಸಂತೆಯಲ್ಲಿ ಬೆರಳುದ್ದದ ಬಂಗುಡೆಗೆ ಬೆಲೆಯಿಲ್ಲ. ನಮ್ಮ ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವರು. ಅಂಥದ್ದನ್ನು ಅವರು ಮುಟ್ಟುತ್ತಲೇ ಇರಲಿಲ್ಲ, ‘ಮುಳ್ಳು ಬಿಟ್ರೆ ಏನುಂಟು ಅದರಲ್ಲಿ’ ಅನ್ನುತ್ತಿದ್ದರು. ಅದಕ್ಕೆ ಬೆಲೆ ಕಟ್ಟುವುದು ಹುಡಿ ಮಾಡುವ ಕಾರ್ಖಾನೆ. ಬೋಟುಗಳು ಲೆಕ್ಕವಿಲ್ಲದಷ್ಟು, ಕಾರ್ಖಾನೆಗಳು ಅದಕ್ಕಿಂತ ತುಂಬಾ ಕಡಿಮೆ. ಪ್ರತಿ ಕಾರ್ಖಾನೆಗೂ ಒಂದು ಗೇಟು, ಒಂದು ತೂಕದ ಸೇತುವೆ, ಒಂದು ಲೆಕ್ಕದ ಪುಸ್ತಕ ಇದೆ. ಸಾವಿರಾರು ಚದರ ಕಿ.ಮೀ. ನೀರು ಕಾಯುವುದು ಸುಲಭವೋ, ಆ ಗೇಟುಗಳನ್ನು ಕಾಯುವುದು ಸುಲಭವೋ? ಮರಿಮೀನು ಹಿಡಿದವನಷ್ಟೇ ಕೊಂಡವನೂ ಹೊಣೆ ಎಂದು ರಾಜ್ಯದ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದು, ಗೇಟಿನಲ್ಲಿ ಅದನ್ನು ಪಾಲಿಸಿದರೆ, ನನ್ನ ಮಾವನ 20 ದೀಪಗಳು ತಾವಾಗಿಯೇ ಆರುತ್ತವೆ.

ಕೊಳ್ಳುವವನ ಬಾಗಿಲಿಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಒಂದು ಉದಾಹರಣೆ ನಮ್ಮ ಮುಂದೆಯೇ ಇದೆ. ಟ್ರಾಲ್ ಬಲೆಯಲ್ಲಿ ಕಡಲಾಮೆಗಳು ಸಿಕ್ಕಿ ಸಾಯುತ್ತವೆ ಎಂದು ನಮ್ಮಲ್ಲಿ ವರ್ಷಗಟ್ಟಲೆ ಹೇಳಿದರು, ಬಲೆಯಲ್ಲಿ ಆಮೆಗೆ ಹೊರಹೋಗುವ ಕಿಂಡಿ ಇಡಿ ಎಂದು ಬೇಡಿಕೊಂಡರು. ಹೆಚ್ಚೇನೂ ಆಗಲಿಲ್ಲ. ಆ ಕಿಂಡಿ ಇಲ್ಲ ಎಂಬ ಕಾರಣಕ್ಕೆ ಅಮೆರಿಕ 2019ರಿಂದ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿ ಕೊಳ್ಳುವುದನ್ನು ನಿಲ್ಲಿಸಿತು. ಆಮೇಲೆ ನೋಡಿ, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಕಿಂಡಿಯ ವಿನ್ಯಾಸ, ಅದನ್ನು ರಾಜ್ಯಗಳ ನಿಯಮಕ್ಕೆ ಸೇರಿಸುವ ಮಾತು, ಎಲ್ಲಕ್ಕೂ ವೇಗ ಬಂತು. ಪರದೇಶದ ಗಿರಾಕಿ ಕೇಳಿದಾಗ ಆದದ್ದು ನಮ್ಮದೇ ಸರ್ಕಾರ ಕೇಳಿದರೆ ಯಾಕೆ ಆಗಬಾರದು?

ಇದನ್ನೆಲ್ಲ ಮಾವನ ಮುಂದೆ ಹೇಳಿದಾಗ ಅವರು ಸುಮ್ಮನೆ ಕೂರಲಿಲ್ಲ. ‘ಎಲ್ಲ ತಪ್ಪೂ ಮೀನು ಹಿಡಿಯುವವನದ್ದೇ? ಹೊಳೆಯಲ್ಲಿ ಬರುವ ಪೇಟೆಯ ಕೊಳೆ, ಪ್ಲಾಸ್ಟಿಕ್, ಕಾರ್ಖಾನೆಯ ನೀರು, ಅದಕ್ಕೆ ಸ್ಕೇಲ್ ಹಿಡಿಯುವವರು ಯಾರು?’ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. 1974ರ ಜಲಮಾಲಿನ್ಯ ಕಾಯ್ದೆ ಕೇಂದ್ರದ್ದಾದರೂ, ಕಡಲಿನ ನೀರಿನಲ್ಲಿ ಎಲ್ಲಿಯವರೆಗೆ ಅದು ಅನ್ವಯ ಎಂದು ಅಧಿಸೂಚನೆ ಹೊರಡಿಸುವ ಅಧಿಕಾರ ರಾಜ್ಯಕ್ಕಿದೆ. ಜಾರಿ ಮಾಡುವುದೂ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೇ. ಅಲ್ಲಿಯೂ ಸೂತ್ರ ಒಂದೇ. ಕಡಲಿಗೆ ಬಿದ್ದ ಕೊಳೆಯನ್ನು ಕಡಲಲ್ಲಿ ಹುಡುಕುವುದು ಅಸಾಧ್ಯ, ಪೈಪಿನ ಬಾಯಲ್ಲಿ ಹಿಡಿಯಬೇಕು. ಮೀನುಗಾರನಿಗೆ ದಕ್ಕೆಯಲ್ಲಿ ಸ್ಕೇಲ್ ಹಿಡಿಯುವ ಸರ್ಕಾರ ಪೈಪಿನ ಬಾಯಲ್ಲೂ ನಿಲ್ಲಬೇಕು. ಇಲ್ಲದಿದ್ದರೆ ಬಡವನಿಗೊಂದು ಕಾನೂನು, ಶ್ರೀಮಂತನಿಗೊಂದು ಎಂಬ ಮಾತು ಸುಳ್ಳಾಗುವುದಿಲ್ಲ.

ಮೀನು ಕಡಿಮೆಯಾಗಲು ಮನುಷ್ಯ ಒಬ್ಬನೇ ಕಾರಣ ಅಲ್ಲ ಎಂಬ ವಾದವೂ ಇದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ವಿಜ್ಞಾನಿಗಳು ಇದರಲ್ಲಿ ಎಲ್ ನಿನೋದಂಥ ಕಡಲ ವಾತಾವರಣದ ಬದಲಾವಣೆಗೆ ದೊಡ್ಡ ಪಾಲು ಕೊಡುತ್ತಾರೆ. ಒಪ್ಪಿಕೊಳ್ಳೋಣ. ಕಡಲಿನ ಬಿಸಿಯನ್ನು ಮಲ್ಪೆಯ ದಕ್ಕೆಯಿಂದ ಇಳಿಸಲು ಆಗುವುದಿಲ್ಲ. ಆದರೆ ಕೆಟ್ಟ ವರ್ಷದಲ್ಲಿ ಉಳಿದಿರುವ ಮರಿಯನ್ನೂ ಹುಡಿ ಮಾಡದೆ ಬಿಡಲು ಆಗುತ್ತದೆ. ಬರಗಾಲದಲ್ಲಿ ರೈತ ಬಿತ್ತನೆ ಬೀಜವನ್ನು ಗಿರಣಿಗೆ ಹಾಕುವುದಿಲ್ಲ. ನಾವು ಹಾಕುತ್ತಿದ್ದೇವೆ.

ಹಾಗಾದರೆ ರಾಜ್ಯ ಏನು ಮಾಡಬಹುದು? ನನ್ನಂಥ ಇಪ್ಪತ್ತು ವರ್ಷದವನಿಗೆ ತೋಚಿದ್ದು ನಾಲ್ಕೇ ವಿಷಯ. ಒಂದು, ಪ್ರತಿ ದೊಡ್ಡ ದಕ್ಕೆಯಲ್ಲೂ, ಪ್ರತಿ ಫಿಶ್‌ಮೀಲ್ ಗೇಟಿನಲ್ಲೂ ಮೀನಿನ ಅಳತೆಯ ತಪಾಸಣೆ, ಅದರ ಫಲಿತಾಂಶ ಎಲ್ಲರಿಗೂ ಕಾಣುವಂತೆ ಬೋರ್ಡಿನಲ್ಲಿ. ಎರಡು, ಬೋಟುಗಳಿಗೆ ರಾಜ್ಯ ಕೊಡುವ ತೆರಿಗೆ ವಿನಾಯಿತಿಯ ಡೀಸೆಲ್ಲನ್ನು ನಿಯಮ ಪಾಲನೆಗೆ ಕಟ್ಟುವುದು. ಮೊದಲ ತಪ್ಪಿಗೆ ಎಚ್ಚರಿಕೆ, ಎರಡನೆಯದಕ್ಕೆ ಒಂದು ತಿಂಗಳ ಡೀಸೆಲ್ ಕಡಿತ. ದಂಡವಾದರೆ ಒಂದು ರಾತ್ರಿಯ ಮೀನಿನಲ್ಲಿ ಹುಟ್ಟಿಹೋಗುತ್ತದೆ, ಡೀಸೆಲ್ ಹಾಗಲ್ಲ. ಮೂರು, ಕೇರಳ ತನ್ನ ಕಾಯ್ದೆಗೆ ತಿದ್ದುಪಡಿ ತಂದು ಊರು, ಜಿಲ್ಲೆ, ರಾಜ್ಯ ಮಟ್ಟದಲ್ಲಿ ಮೀನುಗಾರಿಕೆ ನಿರ್ವಹಣಾ ಸಮಿತಿಗಳಿಗೆ ಜಾಗ ಮಾಡಿಕೊಟ್ಟಂತೆ ನಾವೂ ಮಾಡಬೇಕು. ಅದರಲ್ಲಿ ಬೋಟು ಮಾಲೀಕರಷ್ಟೇ ಅಲ್ಲ, ನಾಡದೋಣಿಯವರು, ಕಲಾಸಿಗಳು, ಮೀನು ಮಾರುವ ಹೆಂಗಸರು ಇರಬೇಕು. ನಾಲ್ಕು, ನಿಷೇಧದ ದಿನಗಳ ಸಹಾಯವನ್ನು ಮರ್ಯಾದೆಯ ಮೊತ್ತಕ್ಕೆ ಏರಿಸಬೇಕು. ಈಗಿನ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ ಹಾಕುವ 1,500 ರೂಪಾಯಿಗೆ ಸರ್ಕಾರದ 3,000 ಸೇರಿ ಮೂರು ತಿಂಗಳಿಗೆ ಸಿಗುವುದು 4,500. ತಿಂಗಳಿಗೆ 1,500ರಲ್ಲಿ ಒಂದು ಮನೆ ನಡೆಯುವುದಿಲ್ಲ.

ಇದರಲ್ಲಿ ಯಾವುದಕ್ಕೂ ದೊಡ್ಡ ತಂತ್ರಜ್ಞಾನ ಬೇಡ. ನಮ್ಮ ಕಾಲೇಜಿನ ಪ್ರಾಜೆಕ್ಟ್‌ಗಳಲ್ಲಿ ಎಲ್ಲದಕ್ಕೂ ಒಂದು ಆ್ಯಪ್ ಮಾಡುವ ಚಟ ಇದೆ. ಇಲ್ಲಿ 15 ಸೆಂ.ಮೀ.ನ ಸ್ಕೇಲ್ ಸಾಕು. ಹಿಡಿಯುವ ಕೈ ಬೇಕು, ಅಷ್ಟೆ.

ಈಗ ನನ್ನ ಲೆಕ್ಕ ಹೇಳಿಬಿಡುತ್ತೇನೆ. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ನನ್ನ ಕಾಲೇಜು ಫೀಸು ಕಟ್ಟುವುದು ಇದೇ ಮಾವ. ನಾಲ್ಕನೇ ಸೆಮಿಸ್ಟರಿನ ಫೀಸು ಕಟ್ಟಿದ್ದು ಆ ದೀಪಗಳ ದುಡ್ಡಿನಲ್ಲೇ. ಅವರನ್ನು ಕಳ್ಳ ಎನ್ನಲು ನನ್ನ ಬಾಯಿ ಬರುವುದಿಲ್ಲ, ನನಗೆ ಆ ಹಕ್ಕೂ ಇಲ್ಲ. ಈ ಸಲ ಜನರೇಟರ್ ಕೆಟ್ಟಾಗ ಮತ್ತೆ ಫೋನ್ ಬಂತು. ‘ಇದಕ್ಕೆ ನಾನು ಕೈ ಹಾಕುವುದಿಲ್ಲ ಮಾವ’ ಅಂದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಕೊನೆಗೆ ಅವರು ಹೇಳಿದ್ದು: ‘ಎಲ್ಲರೂ ಬಿಟ್ಟರೆ ನಾನೂ ಬಿಡ್ತೇನೆ ಮಾರಾಯ. ನಾನೊಬ್ಬ ಬಿಟ್ಟರೆ ಮೀನು ಉಳಿಯುವುದಿಲ್ಲ, ನಾನು ಮುಳುಗ್ತೇನೆ ಅಷ್ಟೆ.’

ಅವರ ಮಾತು ಸರಿ. ‘ಎಲ್ಲರೂ ಬಿಟ್ಟರೆ’ ಎಂಬುದನ್ನು ನಾನು ಆಗಿಸಲಾರೆ, ಮಾವನೂ ಆಗಿಸಲಾರರು. ಆಗಿಸಬಲ್ಲದ್ದು ಕಾಯ್ದೆ ಒಂದೇ. ಅದಕ್ಕಾಗಿಯೇ ಕಾಯ್ದೆ ಇರುವುದು. ಮಳೆಗಾಲದ 61 ದಿನ ಅದನ್ನು ಮಾಡಿ ತೋರಿಸಿದೆ. ಉಳಿದ ತಿಂಗಳುಗಳಲ್ಲೂ ಅದು ಬೆಳಿಗ್ಗೆ ಬೇಗ ಎದ್ದು, ಬೋಟು ಬರುವ ಹೊತ್ತಿಗೆ ದಕ್ಕೆಗೆ ಬಂದು ನಿಲ್ಲಲಿ. ನನ್ನ ಸ್ಕೇಲ್ ಬೇಕಾದರೆ ನಾನೇ ಕೊಡುತ್ತೇನೆ.